ಮೇಷ್ಟ್ರ ಕಣ್ಣಿಲ್ಲದ ಕಣದಲ್ಲಿ ಡ್ರೆಸಾಜ್

ಕುದುರೆಯನ್ನು ಸಣ್ಣ ಸನ್ನೆಗಳಿಂದಲೇ ತಾಳಕ್ಕೆ ನಡೆಸುವ ಸವಾರಿಗೆ ಡ್ರೆಸಾಜ್ ಅಂತಾರೆ. ಅದರ ಮೂರು ವಾರದ ಶಿಬಿರ ಮುಗಿಸಿ ಭಾನುವಾರ ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದೆ. ಸೋಮವಾರ ಬೆಳಿಗ್ಗೆ ಆರೂವರೆಗೆ ನನ್ನ ಕುದುರೆ ಚುಕ್ಕಿಗೆ ಜೀನು ಬಿಗಿದೆ. ಆರು ಮುಕ್ಕಾಲಿಗೆ ನಾನೂ ಚುಕ್ಕಿಯೂ ಪಕ್ಕದ ಹೊಲದ ಮೆಕ್ಕೆಜೋಳದ ನಡುವೆ ನಿಂತಿದ್ದೆವು. ನನ್ನ ತಲೆ ಮೇಲೆ ಹೆಲ್ಮೆಟ್, ಹೆಲ್ಮೆಟ್ ಮೇಲೆ ಜೋಳದ ಸೂಲಂಗಿ. ಮುರಿದ ದಂಟಿಗೆ ದುಡ್ಡು ಕೊಟ್ಟಿದ್ದೂ ಆಯ್ತು, ಆ ಹೊಲದ ಅಣ್ಣನ ಹತ್ತಿರ ಬೈಸಿಕೊಂಡಿದ್ದೂ ಆಯ್ತು.

ಆಗಿದ್ದು ಇಷ್ಟೇ. ಶಿಬಿರದಲ್ಲಿ ನನಗೆ ಕೊಟ್ಟಿದ್ದು ಹದಿನೆಂಟು ವರ್ಷದ, ಎಲ್ಲಾ ಬಲ್ಲ ಕುದುರೆ. ಹೊರಗಿನ, ಅಂದರೆ ಸುತ್ತಿನ ಹೊರಬದಿಯ, ನನ್ನ ಕಾಲನ್ನು ನಾಲ್ಕು ಬೆರಳು ಹಿಂದೆ ಸರಿಸಿದರೆ ಸಾಕು, ಹಗುರ ಓಟಕ್ಕೆ, ಅಂದರೆ ಕ್ಯಾಂಟರ್‌ಗೆ ಏಳುತ್ತಿತ್ತು. ನಮ್ಮ ಚುಕ್ಕಿ ರೇಸಿನಲ್ಲಿ ಓಡಿ ನಿವೃತ್ತಿಯಾದ ಹೆಣ್ಣು ಕುದುರೆ. ಅವಳ ಪಾಠವೇ ಬೇರೆ. ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡಬೇಕು ಅಂತ ಕಲಿತು ಬಂದವಳು. ನಾನು ಶಿಬಿರದ ಗುಂಗಿನಲ್ಲಿ ಕಾಲು ಒತ್ತಿದೆ. ಅವಳು ಹಾರಿದಳು. ಗಾಬರಿಯಲ್ಲಿ ಲಗಾಮು ಜಗ್ಗಿ ಹಿಡಿದೆ. ಅವಳ ಪಾಲಿಗೆ ರೇಸ್ ಶುರುವಾಯ್ತು.

ಹಾಗಾಗಿ ಮೊದಲ ಮಾತು: ಪಾಠ ಆಗಿರುವುದು ನಿಮಗೆ, ನಿಮ್ಮ ಕುದುರೆಗಲ್ಲ. ಕುದುರೆಯನ್ನೂ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರೆ ಸ್ವಲ್ಪ ಬೇರೆ. ಆದರೂ ಅಲ್ಲಿನ ನೆಲ, ಅಲ್ಲಿನ ಬೇಲಿ, ಪಕ್ಕದಲ್ಲಿ ನಿಂತು ಕೂಗುವ ಮೇಷ್ಟ್ರು, ಇವು ಯಾವುವೂ ಮನೆಗೆ ಬಂದಿರುವುದಿಲ್ಲ, ಅಲ್ವಾ?

ನನ್ನ ವಿಷಯ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಭರಮಸಾಗರದಲ್ಲಿ ನಮ್ಮದೊಂದು ಔಷಧಿ ಅಂಗಡಿ, ಊರಾಚೆ ಹೊಲದಲ್ಲಿ ಮನೆ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ 41 ವರ್ಷದ ನಂತರ ಬಂದ ಚಿನ್ನ. ಅಂಗಡಿ ಕೌಂಟರ್ ಹಿಂದೆ ನಿಂತು ಮೊಬೈಲಿನಲ್ಲಿ ಆ ತುಣುಕು ನೋಡಿದೆ. ಕುದುರೆ ಕುಣಿಯುತ್ತಿದೆ, ಮೇಲೆ ಕೂತ ಹುಡುಗಿ ಏನೂ ಮಾಡುತ್ತಲೇ ಇಲ್ಲ ಅನ್ನಿಸಿತು. ಆ ‘ಏನೂ ಮಾಡದೆ ಇರುವುದು’ ಹೇಗೆ ಅನ್ನೋ ಹುಚ್ಚು ಅವತ್ತು ಹಿಡಿದದ್ದು, ಇನ್ನೂ ಬಿಟ್ಟಿಲ್ಲ.

ಮೊದಲ ವಾರ: ಬರೆದಿಡಿ, ನಡೆಸಿ, ಅಷ್ಟೇ

ಶಿಬಿರದಿಂದ ಬಂದ ದಿನವೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೇಷ್ಟ್ರು ನಿಮಗೆ ಅತಿ ಹೆಚ್ಚು ಸಲ ಕೂಗಿದ ಮೂರು ಮಾತು ಬರೆಯಿರಿ. ಅವರು ಹೇಗೆ ಹೇಳಿದರೋ ಹಾಗೇ ಬರೆಯಿರಿ. ನಮ್ಮ ಮೇಷ್ಟ್ರು ಸೈನ್ಯದಲ್ಲಿದ್ದು ಬಂದವರು, ಎಲ್ಲರೂ ರಿಸಾಲ್ದಾರ್ ಸಾಹೇಬ್ರು ಅಂತಲೇ ಕರೆಯುವುದು. ಅವರ ಮಾತೆಲ್ಲ ಹಿಂದಿ. ನನ್ನ ಪುಸ್ತಕದಲ್ಲಿ ಇರುವ ಮೂರು: ‘ಏಡಿ ನೀಚೆ’ (ಹಿಮ್ಮಡಿ ಕೆಳಗೆ), ‘ಬಾಹರ್ ಕಾ ಲಗಾಮ್ ಮತ್ ಛೋಡೋ’ (ಹೊರಗಿನ ಲಗಾಮು ಬಿಡಬೇಡ), ‘ಸಾಂಸ್ ಲೋ’ (ಉಸಿರಾಡು). ಮೂರು ವಾರದಲ್ಲಿ ನೂರು ವಿಷಯ ಕಲಿತಿರುತ್ತೀರಿ. ಮನೆಯಲ್ಲಿ ಒಂಟಿಯಾಗಿ ನೂರನ್ನೂ ಹಿಡಿಯಲು ಹೋದರೆ ಒಂದೂ ಉಳಿಯುವುದಿಲ್ಲ.

ನೀವು ಊರಲ್ಲಿ ಇಲ್ಲದಾಗ ಕುದುರೆ ಸುಮ್ನೆ ನಿಂತಿದ್ದರೆ, ಮೊದಲ ನಾಲ್ಕೈದು ದಿನ ಬರೀ ನಡಿಗೆ ಮತ್ತು ಸ್ವಲ್ಪ ಟ್ರಾಟ್ (ಕುಲುಕು ಓಟ). ಇಪ್ಪತ್ತು ನಿಮಿಷದಿಂದ ಶುರು ಮಾಡಿ, ಎರಡು ವಾರದಲ್ಲಿ ನಲವತ್ತಕ್ಕೆ ತನ್ನಿ. ನಲವತ್ತರಲ್ಲಿ ಮೊದಲ ಹತ್ತು ನಿಮಿಷ ಉದ್ದ ಲಗಾಮಿನ ನಡಿಗೆ, ಕೊನೆಯ ಹತ್ತು ನಿಮಿಷವೂ ಅದೇ. ಮಧ್ಯದ ಇಪ್ಪತ್ತೇ ಕೆಲಸ. ಇದು ಕಮ್ಮಿ ಅನ್ನಿಸುತ್ತದೆ. ಶಿಬಿರದಲ್ಲಿ ದಿನಕ್ಕೆ ಎರಡು ಪಾಠ ಮಾಡಿ ಬಂದವರಿಗಂತೂ ಏನೂ ಮಾಡಿಲ್ಲ ಅನ್ನಿಸುತ್ತದೆ. ಅನ್ನಿಸಲಿ ಬಿಡಿ. ವಾರಕ್ಕೆ ನಾಲ್ಕು ದಿನ ಸಾಕು, ಐದು ಬಹಳ. ಉಳಿದ ದಿನ ಹೊಲದ ದಾರಿಯಲ್ಲಿ ಸುತ್ತಾಡಿಸಿಕೊಂಡು ಬನ್ನಿ.

ಎಂಟು ಗುಂಟೆ ಜಾಗ

ಡ್ರೆಸಾಜ್ ಅಂಕಣಕ್ಕೆ ಎರಡು ಅಳತೆ ಇದೆ. ದೊಡ್ಡದು 20 ಮೀಟರ್ ಅಗಲ, 60 ಮೀಟರ್ ಉದ್ದ. ಚಿಕ್ಕದು 20ಕ್ಕೆ 40. ಮನೆಗೆ ಚಿಕ್ಕದೇ ಸಾಕು, ಹತ್ತಿರ ಹತ್ತಿರ ಎಂಟು ಗುಂಟೆ ಆಗುತ್ತದೆ. ಅಷ್ಟೂ ಇಲ್ಲ ಅಂದರೆ 20 ಮೀಟರಿನ ಒಂದು ವೃತ್ತ ಹಿಡಿಸುವ ಜಾಗ ಇದ್ದರೂ ತಿಂಗಳುಗಟ್ಟಲೆ ಕೆಲಸ ಇದೆ.

ನೆಲದ ವಿಷಯದಲ್ಲಿ ನಾನು ಎಡವಿದ್ದು ಹೇಳುತ್ತೇನೆ. ನಮ್ಮ ಹೊಲ ಅರ್ಧ ಎರೆ, ಅರ್ಧ ಕೆಂಪು ಮಸಾರೆ. ಎರೆ ಕಡೆ ನೆಲ ಮಟ್ಟಸವಾಗಿತ್ತು ಅಂತ ಹೋದ ವರ್ಷ ಅಲ್ಲೇ ಅಂಕಣ ಹಾಕಿದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಕುದುರೆಯ ಕಾಲು ಅದರಲ್ಲಿ ಸಿಕ್ಕಿಕೊಂಡರೆ ಮುಗಿದೇ ಹೋಯ್ತು. ಮೊದಲ ಮಳೆ ಬಿದ್ದಿದ್ದೇ ತಡ, ಅಂಟಂಟು. ಚುಕ್ಕಿಯ ಮುಂಗಾಲಿನ ಲಾಳವನ್ನೇ ಆ ಮಣ್ಣು ಕಿತ್ತುಕೊಂಡಿತು. ಈಗ ಅಂಕಣ ಮಸಾರೆಯಲ್ಲಿದೆ, ಹಳೇ ಕಣದ ಪಕ್ಕ. ಸ್ವಲ್ಪ ಇಳಿಜಾರು ಇದೆ. ನೀರು ನಿಲ್ಲುವುದಿಲ್ಲ, ಅದು ಲಾಭವೇ. ಕಲ್ಲು ಆರಿಸಿ ತೆಗೆಯಬೇಕು. ನಮ್ಮ ದುರ್ಗದ ಸೀಮೆಯಲ್ಲಿ ಕಲ್ಲಿಗೆ ಬರವೇ? ನಾಲ್ಕು ಸಂಜೆ ಮನೆ ಮಂದಿಯೆಲ್ಲ ಬಗ್ಗಿ ಆರಿಸಿದರೂ ಐದನೇ ಸಂಜೆ ಬುಟ್ಟಿ ತುಂಬಿತು.

ಮೂಲೆ ಹಿಡಿಯಲು ಗಾರೆ ಕೆಲಸದವರ ಉಪಾಯವೇ ಸರಿ. ದಾರದಲ್ಲಿ ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4 ಮೀಟರ್ ಗುರುತು ಮಾಡಿ. ಆ ಎರಡು ಗುರುತಿನ ನಡುವೆ 5 ಮೀಟರ್ ಬಂದರೆ ಮೂಲೆ ನೇರ. ನಾಲ್ಕೂ ಗೂಟ ನೆಟ್ಟ ಮೇಲೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕಡೆ 44 ಮೀಟರ್ 72 ಸೆಂಟಿಮೀಟರ್ ಬರಬೇಕು.

ಅಕ್ಷರದ ಗುರುತಿಗೆ ನಾನು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್‌ಗೆ ಮರಳು ತುಂಬಿ, ಬಣ್ಣದಲ್ಲಿ ಬರೆದೆ. ಚಿಕ್ಕ ಅಂಕಣಕ್ಕೆ ಎಂಟು ಅಕ್ಷರ. ಒಳಗೆ ಬರುವ ಬಾಗಿಲ ಹತ್ತಿರ ಎ. ಒಳಗೆ ಬಂದು ಅಲ್ಲಿಂದ ಎಡಕ್ಕೆ ತಿರುಗಿ ಸುತ್ತು ಹೊರಟರೆ ಕೆ, ಇ, ಎಚ್, ಎದುರಿನ ಅಡ್ಡಗೆರೆಯ ಮಧ್ಯೆ ಸಿ, ಆಮೇಲೆ ಎಂ, ಬಿ, ಎಫ್. ಉದ್ದ ಗೆರೆಯಲ್ಲಿ ಮೂಲೆಯಿಂದ 6 ಮೀಟರಿಗೆ ಮೊದಲ ಅಕ್ಷರ, ಅಲ್ಲಿಂದ 14ಕ್ಕೆ ಎರಡನೆಯದು, ಮತ್ತೆ 14ಕ್ಕೆ ಮೂರನೆಯದು, ಉಳಿದದ್ದು 6. ನಟ್ಟನಡುವೆ ಎಕ್ಸ್, ಅಲ್ಲಿ ಕ್ಯಾನ್ ಇಡುವಂತಿಲ್ಲ, ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ನನ್ನ ಮೈದುನ ಇದನ್ನು ಮಗ್ಗಿ ಥರ ಬಾಯಿಪಾಠ ಮಾಡಿದ್ದಾನೆ. ಮನೆಯಲ್ಲಿ ಅಂಥ ಒಬ್ಬರು ಬೇಕು. ಎದುರು ನಿಂತು ‘ಈಗ ಬಿಯಲ್ಲಿ ವೃತ್ತ’ ಅಂತ ಕೂಗುವವರಿದ್ದರೆ ನೀವು ಮುಂದೇನು ಅಂತ ಯೋಚಿಸುತ್ತಾ ಕೂರುವುದು ತಪ್ಪುತ್ತದೆ.

ಮೇಟಿ ಕಂಬ ಮತ್ತು ಮೊಟ್ಟೆ

ನೀವು ಎಷ್ಟೇ ದೊಡ್ಡ ಶಿಬಿರ ಮಾಡಿ ಬಂದಿರಿ, ಮನೆಯ ಕೆಲಸದ ಮುಕ್ಕಾಲು ಪಾಲು ಈ 20 ಮೀಟರ್ ವೃತ್ತವೇ. ಅದನ್ನು ಸವಾರಿ ಮಾಡಿದವರಿಗೆಲ್ಲ ಗೊತ್ತು, ಮನಸ್ಸಿನಲ್ಲಿ ವೃತ್ತ ಹೊರಡುತ್ತದೆ, ನೆಲದ ಮೇಲೆ ಮೊಟ್ಟೆ ಬೀಳುತ್ತದೆ.

ನಾನು ಮೊದಲ ದಿನ ಸುತ್ತುವುದನ್ನು ಜಗಲಿ ಮೇಲಿಂದ ಅತ್ತೆ ನೋಡುತ್ತಿದ್ದರು. ‘ಏನವ್ವಾ, ಗಾಣದ ಎತ್ತು ಸುತ್ತಿದಂಗೆ ಸುತ್ತಕತ್ತೀಯಲ್ಲ’ ಅಂದರು. ಮಾವ ಮಾತ್ರ ನಗಲಿಲ್ಲ. ಎದ್ದು ಹೋಗಿ ಹಳೇ ಹಗ್ಗ ತಂದರು. ಹಿಂದೆ ಕಣದಲ್ಲಿ ಮೇಟಿ (ನಡುಗಂಬ) ನೆಟ್ಟು ಹಂತಿ ಹೂಡುತ್ತಿದ್ದವರು, ಅಂದರೆ ಎತ್ತು ಸುತ್ತಿಸಿ ತೆನೆ ತುಳಿಸುತ್ತಿದ್ದವರು ಅವರು. ಮಧ್ಯೆ ಒಂದು ಗೂಟ ನೆಟ್ಟು, 10 ಮೀಟರ್ ಹಗ್ಗ ಕಟ್ಟಿ, ತುದಿಗೆ ಕೋಲು ಸಿಕ್ಕಿಸಿ ಎಳೆದುಕೊಂಡು ಒಂದು ಸುತ್ತು ಬಂದರು. ನೆಲದ ಮೇಲೆ ಕಚ್ಚು ಬಿತ್ತು. ಅತ್ತೆಯ ರಂಗೋಲಿ ಪುಡಿ ಅದರ ಮೇಲೆ ಸುರಿದೆವು. ಸುಣ್ಣ ಹಾಕಬೇಡಿ, ಧೂಳೆದ್ದು ಕುದುರೆ ಕಣ್ಣಿಗೂ ನಿಮ್ಮ ಕಣ್ಣಿಗೂ ಬೀಳುತ್ತದೆ. ಗೆರೆ ಎಳೆದ ಮೇಲೆ ಗೂಟವನ್ನು ಮರೆಯದೆ ಕಿತ್ತುಬಿಡಿ. ಬಿದ್ದರೆ ಅದರ ಮೇಲೇ ಬೀಳುತ್ತೇವೆ.

ಬಹಳ ಜನ ತಪ್ಪುವ ಜಾಗ ಇಲ್ಲಿದೆ. ಎ ಕಡೆಯ ವೃತ್ತ ನಾಲ್ಕು ಕಡೆ ಮುಟ್ಟುತ್ತದೆ: ಎ, ಎಕ್ಸ್, ಮತ್ತು ಎರಡೂ ಉದ್ದ ಗೆರೆಯಲ್ಲಿ ಮೂಲೆಯಿಂದ 10 ಮೀಟರ್ ದೂರದ ಒಂದೊಂದು ಬಿಂದು. ಅಂದರೆ ಕೆ ಮತ್ತು ಎಫ್ ದಾಟಿ ಇನ್ನೂ 4 ಮೀಟರ್ ಮುಂದೆ. ಎಲ್ಲರೂ ಕ್ಯಾನ್ ಕಾಣುತ್ತದೆ ಅಂತ ಕೆ ಹತ್ತಿರವೇ ಗೆರೆ ಮುಟ್ಟುತ್ತಾರೆ, ಮೂಲೆಗೂ ಹೋಗಿಬಿಡುತ್ತಾರೆ. ಮೊಟ್ಟೆ ಶುರುವಾಗುವುದೇ ಅಲ್ಲಿ. ಆ ಎರಡು ಬಿಂದುವಿನಲ್ಲಿ ಒಂದೊಂದು ಇಟ್ಟಿಗೆ ಗೆರೆಯ ಹೊರಗಡೆ ಇಡಿ.

ಆಮೇಲೆ ಎಣಿಸಿ. ಏಳುತ್ತಾ ಕೂರುತ್ತಾ ಟ್ರಾಟ್ ಮಾಡುವಾಗ ಎದ್ದಿದ್ದನ್ನು ಎಣಿಸಬೇಕು. ಇಡೀ ಸುತ್ತು ಸುಮಾರು 63 ಮೀಟರ್. ಚುಕ್ಕಿಗೆ ಕಾಲು ಸುತ್ತಿಗೆ ಆರೋ ಏಳೋ ಬರಬೇಕು, ನಾಲ್ಕೂ ಕಾಲು ಸುತ್ತಿಗೆ ಒಂದೇ ಲೆಕ್ಕ. ಮೊದಲ ವಾರ ನನ್ನ ಲೆಕ್ಕ: ಆರು, ಐದು, ಆರು, ಒಂಬತ್ತು. ಐದು ಬಂದ ಕಾಲು ಸುತ್ತು ಮನೆಯಿಂದ ದೂರದ್ದು, ಅಲ್ಲಿ ಅವಳು ಒಳಗೆ ಕಡಿದು ತಿರುಗುತ್ತಿದ್ದಳು. ಒಂಬತ್ತು ಬಂದದ್ದು ಕೊಟ್ಟಿಗೆ ಕಡೆ. ಹುರುಳಿ ಡಬ್ಬ ಅಲ್ಲಿದೆಯಲ್ಲ, ಹೊರಗಿನ ಭುಜ ಆ ಕಡೆಗೆ ಜಾರುತ್ತಿತ್ತು.

ಅದನ್ನು ಸರಿ ಮಾಡಲು ಒಳಗಿನ ಲಗಾಮು ಎಳೆಯುತ್ತೇವೆ. ಎಳೆದರೆ ಕತ್ತು ಒಳಗೆ ಬರುತ್ತದೆ, ಭುಜ ಇನ್ನೂ ಹೊರಗೆ ಓಡುತ್ತದೆ. ಶಿಬಿರದಲ್ಲಿ ಸಾಹೇಬ್ರು ‘ಹೊರಗಿನ ಲಗಾಮು ಬಿಡಬೇಡ’ ಅಂತ ಮೂರು ವಾರ ಕೂಗಿದ್ದು ನನ್ನ ತಲೆಗೆ ಹೋಗಿರಲಿಲ್ಲ. ಮಾವ ಹಂತಿ ಲೆಕ್ಕ ಹೇಳಿದಾಗ ಹೋಯ್ತು. ಹಂತಿಯಲ್ಲಿ ಮೇಟಿ ಪಕ್ಕಕ್ಕೆ ನಿಧಾನದ ಎತ್ತು ಕಟ್ಟುತ್ತಾರೆ, ಅದಕ್ಕೆ ಸುತ್ತು ಚಿಕ್ಕದು. ತುದಿಗೆ ಚುರುಕಿನ ಎತ್ತು, ಅದಕ್ಕೆ ದಾರಿ ದೊಡ್ಡದು. ತುದಿಯ ಎತ್ತು ಹೊರಗೆ ಹಿಗ್ಗದ ಹಾಗೆ ನೋಡಿಕೊಂಡರೆ ಹಂತಿ ದುಂಡಗೆ ತಿರುಗುತ್ತದೆ. ಕುದುರೆಯೂ ಅಷ್ಟೇ. ಅದರ ಎಡ ಬಲವನ್ನು ಎರಡು ಎತ್ತು ಅಂದುಕೊಳ್ಳಿ. ಒಳಗಿನ ಕಾಲು ನಡೆಸುತ್ತದೆ, ಹೊರಗಿನ ಲಗಾಮು ಮತ್ತು ಹೊರಗಿನ ಕಾಲು ದಾರಿಯ ಅಂಚನ್ನು ಕಾಯುತ್ತವೆ. ಈಗ ಕೊಟ್ಟಿಗೆ ಕಡೆಗೆ ಬರುವ ಮೂರು ಹೆಜ್ಜೆ ಮೊದಲೇ ಹೊರಗಿನ ಕೈ ಮುಚ್ಚುತ್ತೇನೆ. ಜಾರಿದ ಮೇಲೆ ಮುಚ್ಚಿ ಪ್ರಯೋಜನ ಇಲ್ಲ.

ಒಂದು ಪರೀಕ್ಷೆ ಹೇಳುತ್ತೇನೆ, ಇದಕ್ಕೆ ಮೇಷ್ಟ್ರು ಬೇಡ. ವೃತ್ತದಲ್ಲಿ ಹೋಗುತ್ತಾ ಒಳಗಿನ ಕೈಯನ್ನು ಎರಡು ಹೆಜ್ಜೆ ಮುಂದಕ್ಕೆ ಕೊಟ್ಟು, ಕುದುರೆಯ ಕತ್ತು ಸವರಿ, ವಾಪಸ್ ತನ್ನಿ. ವೇಗ, ಬಾಗು, ದಾರಿ ಯಾವುದೂ ಬದಲಾಗದಿದ್ದರೆ ಕುದುರೆ ತನ್ನ ಕಾಲ ಮೇಲೆ ತಾನು ಹೋಗುತ್ತಿದೆ. ಬದಲಾದರೆ ಅಲ್ಲಿಯವರೆಗೆ ಅದನ್ನು ನಿಮ್ಮ ಕೈ ಹೊತ್ತಿತ್ತು.

ಮಣ್ಣು ಓದುವುದು

ಮನೆಗೆ ಬಂದ ಮೇಲೆ ನನಗೆ ಕೊರತೆ ಅನ್ನಿಸಿದ್ದು ಮೇಷ್ಟ್ರ ಕಣ್ಣು. ಕೂತವರಿಗೆ ತಮ್ಮ ತಪ್ಪು ಕಾಣುವುದಿಲ್ಲ. ಆ ಕಣ್ಣಿಗೆ ಬದಲಿಗೆ ನನಗೆ ಸಿಕ್ಕಿದ್ದು ನೆಲ. ಹಿಂದಿನ ಸಂಜೆ ಕುಂಟೆ ಹೊಡೆದು, ಮೇಲೆ ಹಲಗೆ ಎಳೆದು ಮಟ್ಟ ಮಾಡಿದ ಮಸಾರೆ ಮಣ್ಣು, ರಾತ್ರಿ ಇಬ್ಬನಿ ಬಿದ್ದಿದ್ದರೆ ಬೆಳಿಗ್ಗೆ ಸ್ಲೇಟಿನ ಹಾಗಿರುತ್ತದೆ. ಅದರ ಮೇಲೆ ಒಂದೇ ಒಂದು ಸಲ ಹೋಗಿ. ಇಳಿದು ಬಂದು ಬಗ್ಗಿ ನೋಡಿ.

ಮುಂಗಾಲಿನ ಗೊರಸು ದುಂಡಗೆ, ಹಿಂಗಾಲಿನದು ಸ್ವಲ್ಪ ಉದ್ದ, ತುದಿ ಚೂಪು. ಇದು ಗುರುತಾದರೆ ಉಳಿದದ್ದು ಸುಲಭ. ಕುದುರೆಯ ನಡಿಗೆ ನಾಲ್ಕು ತಾಳ, ಟ್ರಾಟ್ ಎರಡು ತಾಳ, ಕ್ಯಾಂಟರ್ ಮೂರು ತಾಳ. ಒಳ್ಳೆಯ ನಡಿಗೆಯಲ್ಲಿ ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಬೀಳಬೇಕು. ಕೆಲಸದ ಟ್ರಾಟ್‌ನಲ್ಲಿ ಕನಿಷ್ಠ ಆ ಗುರುತಿನ ಒಳಗೆ ಬೀಳಬೇಕು. ಚುಕ್ಕಿಯದು ಮೂರು ಬೆರಳು ಹಿಂದೆ ಬೀಳುತ್ತಿತ್ತು. ವೇಗ ಮಾತ್ರ ಜೋರಾಗಿತ್ತು! ಜೋರಾಗಿ ಹೋಗುವುದಕ್ಕೂ ಹಿಂಗಾಲು ದುಡಿಯುವುದಕ್ಕೂ ಸಂಬಂಧ ಇಲ್ಲ ಅನ್ನುವುದನ್ನು ನಾನು ಕಣ್ಣಾರೆ ಓದಿದ್ದು ಅವತ್ತು. ಮೊಬೈಲಿನಲ್ಲಿ ತಾಳದ ಆ್ಯಪ್ ಹಾಕಿ, ನಿಮಿಷಕ್ಕೆ 76 ಸಲ ಏಳುವ ಹಾಗೆ ನಿಧಾನ ಮಾಡಿದೆ. ಒಂದು ವಾರಕ್ಕೆ ಹಿಂದಿನ ಗುರುತು ಮುಂದಿನದನ್ನು ಮುಟ್ಟಿತು. ನಿಮ್ಮ ಕುದುರೆಯ ಲೆಕ್ಕ ಬೇರೆ ಇರಬಹುದು, ಎತ್ತರದ್ದಾದರೆ ಇನ್ನೂ ಕಮ್ಮಿ. ಆ್ಯಪ್ ಬೇಜಾರಾದರೆ ಗುನುಗಿಕೊಳ್ಳಿ. ನಾನು ಮಾವನಿಂದ ಕೇಳಿದ ಹಂತಿ ಪದದ ಧಾಟಿ ಗುನುಗುತ್ತೇನೆ. ಗುನುಗುವಾಗ ಉಸಿರು ಕಟ್ಟುವುದಿಲ್ಲ, ಅದು ಇನ್ನೊಂದು ಲಾಭ.

ನಿಲ್ಲಿಸುವುದನ್ನೂ ಮಣ್ಣಲ್ಲೇ ನೋಡಬೇಕು. ಎಕ್ಸ್‌ನಲ್ಲಿ ನಿಲ್ಲಿಸಿ, ಐದು ಎಣಿಸಿ, ನೇರ ಮುಂದೆ ಹೊರಡಿ. ನಾಲ್ಕು ಗುರುತು ಮೇಜಿನ ನಾಲ್ಕು ಕಾಲಿನ ಹಾಗಿದ್ದರೆ ಸರಿ. ಚುಕ್ಕಿಯ ಎಡ ಹಿಂಗಾಲು ಯಾವಾಗಲೂ ಒಂದು ಗೇಣು ಹಿಂದೆ. ದಿನಾ ಅದೇ ಕಾಲು. ನಡುಗೆರೆಯಲ್ಲಿ ಹೋದಾಗಲೂ ಹಿಂಗಾಲುಗಳು ಮುಂಗಾಲಿನ ಹಾದಿ ಬಿಟ್ಟು ಎರಡು ಬೆರಳು ಬಲಕ್ಕೆ. ಕುದುರೆ ಸೊಟ್ಟಗಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಹಾಲು ಕರೆಯುವ ಬೆರಳು

ಗತಿ ಬದಲಿಸುವುದು, ಅಂದರೆ ನಡಿಗೆಯಿಂದ ಟ್ರಾಟ್, ಟ್ರಾಟ್‌ನಿಂದ ನಡಿಗೆ, ನಡಿಗೆಯಿಂದ ನಿಲ್ಲುವುದು. ರೇಸಿನಿಂದ ಬಂದ ಕುದುರೆಗೆ ಇದರಷ್ಟು ಒಳ್ಳೆಯ ಔಷಧಿ ನನ್ನ ಅಂಗಡಿಯಲ್ಲೂ ಇಲ್ಲ. ಒಂದು ಸುತ್ತಿನಲ್ಲಿ ನಾಲ್ಕು ಸಲ ಬದಲಿಸಿ. ವೃತ್ತದ ನಾಲ್ಕು ಬಿಂದು ಇದೆಯಲ್ಲ, ಅಲ್ಲೇ.

ಇದರ ಜೀವ ಇರುವುದು ಹಾಫ್ ಹಾಲ್ಟ್‌ನಲ್ಲಿ. ಹೆಸರು ಕೇಳಿ ಅರ್ಧ ನಿಲ್ಲಿಸುವುದು ಅಂದುಕೊಳ್ಳಬೇಡಿ. ‘ಏ, ಇಲ್ಲಿ ಕೇಳು’ ಅಂತ ಭುಜ ಮುಟ್ಟಿದ ಹಾಗೆ ಅದು. ಬೆನ್ನು ಉದ್ದ ಮಾಡಿ, ಉಸಿರು ಬಿಡಿ, ಕಾಲು ಹಗುರಾಗಿ ಹೊಟ್ಟೆಗೆ ಮುಟ್ಟಿರಲಿ, ಹೊರಗಿನ ಕೈಯ ಬೆರಳು ಮುಚ್ಚಿ. ಹಾಲು ಕರೆಯುವಾಗ ಬೆರಳು ಮೇಲಿಂದ ಒಂದೊಂದಾಗಿ ಮುಚ್ಚುತ್ತವಲ್ಲ, ಹಾಗೆ. ಮೊಲೆ ಜಗ್ಗಿದರೆ ಎಮ್ಮೆ ಒದೆಯುತ್ತದೆ, ಲಗಾಮು ಜಗ್ಗಿದರೆ ಚುಕ್ಕಿ ಓಡುತ್ತಾಳೆ. ಮುಚ್ಚಿದ ಬೆರಳನ್ನು ತಕ್ಷಣ ಸಡಿಲ ಬಿಡಬೇಕು. ಬಿಡುವುದನ್ನೇ ನಾವು ಮರೆಯುವುದು.

ಒಂದು ಬೆಳಿಗ್ಗೆಯದನ್ನು ಹತ್ತಿರದಿಂದ ಹೇಳುತ್ತೇನೆ. ಟ್ರಾಟ್‌ನಲ್ಲಿ ಎ ಹತ್ತಿರ ಬರುತ್ತಿದ್ದೆ. ನಡಿಗೆಗೆ ಇಳಿಸಬೇಕು. ಉಸಿರು ಬಿಟ್ಟೆ. ಚುಕ್ಕಿಯ ಒಳಗಿನ ಕಿವಿ, ಮುಂದೆ ಇದ್ದದ್ದು, ನನ್ನ ಕಡೆಗೆ ತಿರುಗಿತು. ಬೆರಳು ಮುಚ್ಚಿದೆ, ತೆರೆದೆ. ಜೀನಿನ ಕೆಳಗೆ ಅವಳ ಬೆನ್ನು ಒಂದು ಕ್ಷಣ ಮೇಲೆ ಬಂದ ಹಾಗಾಯ್ತು. ಬಾಯಿಂದ ಕಡಿವಾಣದ ಕಬ್ಬಿಣ ಕಚ್ಚುವ ಸಣ್ಣ ಸದ್ದು. ಮುಂದಿನ ಹೆಜ್ಜೆ ನಡಿಗೆ. ಕುಲುಕು ಇಲ್ಲ, ಕತ್ತು ಎತ್ತಲಿಲ್ಲ. ನಾನು ಅಲ್ಲೇ ಲಗಾಮು ಉದ್ದ ಬಿಟ್ಟೆ, ಇಳಿದೆ, ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಒಟ್ಟು ಇಪ್ಪತ್ತೆರಡು ನಿಮಿಷ ಆಗಿತ್ತು. ‘ಅತ್ತಿಗೆ, ಇಷ್ಟು ಬೇಗ ಮುಗೀತಾ?’ ಅಂದ ಮೈದುನ. ಮುಗೀತು ಅಂದೆ. ಒಳ್ಳೆಯದೊಂದು ಬಂದಾಗ ‘ಇನ್ನೊಂದ್ಸಲ’ ಅಂದರೆ ಇನ್ನೊಂದು ಸಲ ಕೆಟ್ಟದ್ದೇ ಬರುವುದು. ನನಗಂತೂ ಹಾಗೇ ಆಗಿದೆ.

ವಿಡಿಯೊ, ಅಂಕ, ಮತ್ತು ಒಂದು ಬೈಗುಳ

ಮೊಬೈಲನ್ನು ಸಿ ಹತ್ತಿರ ಗೂಟಕ್ಕೆ ಎದೆಯೆತ್ತರದಲ್ಲಿ ಕ್ರೇಪ್ ಬ್ಯಾಂಡೇಜಿನಲ್ಲಿ ಕಟ್ಟಿ. ಅಲ್ಲಿಂದ ನೇರ ಇದ್ದೀರೋ ಸೊಟ್ಟ ಇದ್ದೀರೋ ಕಾಣುತ್ತದೆ. ಬಿ ಹತ್ತಿರ ಕಟ್ಟಿದರೆ ಹಿಮ್ಮಡಿ, ಬೆನ್ನು, ಕುದುರೆಯ ತಾಳ ಕಾಣುತ್ತದೆ. ವಾರಕ್ಕೆ ಒಂದೇ ಸಲ ತೆಗೆಯಿರಿ. ದಿನಾ ನೋಡಿದರೆ ಮನಸ್ಸು ಮುದುಡುತ್ತದೆ.

ನೋಡುವಾಗ ತೀರ್ಪುಗಾರರ ಹಾಗೆ ಅಂಕ ಕೊಡಿ. ಪ್ರತಿ ಚಲನೆಗೂ ಸೊನ್ನೆಯಿಂದ 10. ನಾಲ್ಕು ಅಂದರೆ ಸಾಲದು, 5 ಅಂದರೆ ಅಂಚಿನಲ್ಲಿ ಪಾಸು, 6 ತೃಪ್ತಿಕರ, 8 ಚೆನ್ನಾಗಿದೆ. ನನಗೆ ನಾನು ಬರೀ 4, 5 ಕೊಟ್ಟುಕೊಂಡು ಅಳು ಬಂದಿತ್ತು. ಆಗ ಹಾಂಗ್‌ಝೌ ಲೆಕ್ಕ ತೆಗೆದು ನೋಡಿದೆ. ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್ವಾಲ ಇದ್ದ ತಂಡ. ನಾಲ್ವರಲ್ಲಿ ಮೇಲಿನ ಮೂವರ ಶೇಕಡಾ ಕೂಡಿ 209.205ಕ್ಕೆ ಚಿನ್ನ. ಅಂದರೆ ಒಬ್ಬೊಬ್ಬರಿಗೆ ಸರಾಸರಿ 70ಕ್ಕಿಂತ ಸ್ವಲ್ಪ ಕಮ್ಮಿ. ಯುರೋಪಿನಲ್ಲಿ ವರ್ಷಗಟ್ಟಲೆ ತರಬೇತಿ ಮಾಡಿದವರು ಏಷ್ಯಾದ ಚಿನ್ನ ಗೆದ್ದಿದ್ದೇ ಹತ್ತಕ್ಕೆ ಏಳರ ಹತ್ತಿರದಲ್ಲಿ. ಹಾಗಿದ್ದ ಮೇಲೆ ಭರಮಸಾಗರದ ಮಸಾರೆ ಹೊಲದಲ್ಲಿ 5 ಬಂದರೆ ನಾಚಿಕೆ ಏನು? ಆಮೇಲೆ ಅನುಷ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋದರು, ಡ್ರೆಸಾಜ್‌ನಲ್ಲಿ ಅಲ್ಲಿಗೆ ಹೋದ ಮೊದಲ ಭಾರತೀಯ.

ಮೇಷ್ಟ್ರಿಗೆ ವಿಡಿಯೊ ಕಳಿಸುವಾಗ ಅವರ ಸಮಯಕ್ಕೆ ಮರ್ಯಾದೆ ಕೊಡಿ. ಹದಿನೈದು ದಿನಕ್ಕೊಂದು, ಒಂದು ನಿಮಿಷದ ಒಳಗೆ, ಒಂದೇ ಪ್ರಶ್ನೆ. ನಾನು ಕಳಿಸಿದ ಮೊದಲ ಪ್ರಶ್ನೆ: ‘ಸಾಹೇಬ್ರೇ, ಕುದುರೆ ಸೊಟ್ಟಗೆ ಹೋಗುತ್ತೆ, ಎಡ ಹಿಂಗಾಲು ಹಿಂದೆ ಬೀಳುತ್ತೆ, ಏನು ಮಾಡಲಿ?’ ರಾತ್ರಿ ಅವರ ದನಿ ಬಂತು. ‘ಬೇಟಿ, ಘೋಡಾ ಠೀಕ್ ಹೈ. ತುಮ್ ಟೇಢಿ ಹೋ.’ ಕುದುರೆ ಸರಿ ಇದೆ ಮಗಳೇ, ಸೊಟ್ಟ ಇರುವುದು ನೀನು.

ಕೋಪ ಬಂತು. ಮರುದಿನ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುವಾಗ ನನ್ನ ಕಾಲು ನಾನೇ ನೋಡಿಕೊಂಡೆ. ಪೂರ್ತಿ ಭಾರ ಬಲಗಾಲ ಮೇಲೆ, ಎಡಗಾಲು ಸ್ಟೂಲಿನ ಪಟ್ಟಿ ಮೇಲೆ. ಹದಿನಾಲ್ಕು ವರ್ಷದಿಂದ ಹೀಗೇ ನಿಂತಿದ್ದೇನೆ. ಜೀನಿನ ಮೇಲೂ ಬಲ ಕುಂಡೆಯ ಮೇಲೇ ಕೂರುತ್ತಿದ್ದೆ. ಚುಕ್ಕಿ ಪಾಪ, ನನ್ನ ಭಾರದ ಕೆಳಗೆ ಹಿಂಭಾಗವನ್ನು ಬಲಕ್ಕೆ ತಂದು ನನ್ನನ್ನು ಹೊರುತ್ತಿದ್ದಳು.

ಇದಕ್ಕೆ ಮಾಡಿದ್ದು ಮೂರು ಕೆಲಸ. ಅಂಗಡಿಯಲ್ಲಿ ಸ್ಟೂಲ್ ತೆಗೆದೆ, ಎರಡೂ ಕಾಲ ಮೇಲೆ ನಿಲ್ಲುವುದನ್ನು ಅಭ್ಯಾಸ ಮಾಡಿದೆ. ಎರಡನೆಯದು ರಿಕಾಪಿನ (ಜೀನಿಗೆ ತೂಗುವ, ಕಾಲಿಡುವ ಬಳೆಯ) ಪಟ್ಟಿ ಅಳೆದೆ. ಯಾವಾಗಲೂ ಎಡಗಡೆಯಿಂದ ಹತ್ತುವುದರಿಂದ ಎಡ ಪಟ್ಟಿಯ ಚರ್ಮ ಹಿಗ್ಗುತ್ತದೆ. ರಂಧ್ರ ಎರಡೂ ಕಡೆ ಒಂದೇ ಇದ್ದರೂ ನನ್ನ ಎಡ ಪಟ್ಟಿ ಒಂದೂವರೆ ಬೆರಳು ಉದ್ದ ಇತ್ತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿದೆ. ಇನ್ನು ಮೇಲೆ ತಿಂಗಳಿಗೊಮ್ಮೆ ಬದಲಿಸುತ್ತೇನೆ. ಹತ್ತುವುದು ಜಗಲಿ ಕಟ್ಟೆಯಿಂದ, ಆಗ ಪಟ್ಟಿಗೂ ಕುದುರೆಯ ಬೆನ್ನಿಗೂ ಎಳೆತ ಕಮ್ಮಿ. ಮೂರನೆಯದು ಮೆಕ್ಕೆಜೋಳದ ಮೂಟೆ. ಅಡ್ಡ ಮಲಗಿಸಿದ ತುಂಬಿದ ಮೂಟೆಯ ಮೇಲೆ ಕುದುರೆ ಹತ್ತಿದ ಹಾಗೆ ಕೂತು, ಕಣ್ಣು ಮುಚ್ಚಿ, ಎರಡೂ ಕುಂಡೆಯ ಮೂಳೆ ಸಮ ಒತ್ತುತ್ತಿದೆಯಾ ಅಂತ ನೋಡುವುದು. ದಿನಾ ಐದು ನಿಮಿಷ. ಮನೆಗೆ ಬಂದ ನೆಂಟರು ಏನೆಂದುಕೊಂಡರೋ ಗೊತ್ತಿಲ್ಲ.

ಹಿಮ್ಮಡಿಗೆ ಮೆಟ್ಟಿಲಿನ ಅಂಚು ಸಾಕು: ಮುಂಗಾಲಲ್ಲಿ ನಿಂತು ಹಿಮ್ಮಡಿ ಇಳಿಬಿಡಿ. ಲಗಾಮಿನ ಕೈಗೆ, ಲಗಾಮಿನ ಒಂದು ತುದಿ ಮೈದುನನ ಕೈಗೆ ಕೊಟ್ಟು, ಅವನು ಕುದುರೆಯ ತಲೆಯ ಹಾಗೆ ಕೈ ಆಡಿಸುವಾಗ ಬಿಗುವು ಬದಲಾಗದ ಹಾಗೆ ಹಿಂಬಾಲಿಸಿ. ಕಣ್ಣು ಮುಚ್ಚಿ ಮಾಡಿದರೆ ಇನ್ನೂ ಒಳ್ಳೆಯದು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಹೂ ಬಿಡಿಸಲು ಹೋಗುವಾಗ ಅಂಕಣದ ಅಂಚಿನಲ್ಲಿ ನಿಂತು ಗುರುತು ನೋಡಿದರು. ‘ಇವತ್ತು ತತ್ತಿ ಆಗಿಲ್ಲ ನೋಡವ್ವ, ದ್ವಾಸಿ ಆಗೇತಿ’ ಅಂದರು. ದಾವಣಗೆರೆ ಬೆಣ್ಣೆದೋಸೆಯಷ್ಟು ದುಂಡಗೇನೂ ಇರಲಿಲ್ಲ, ಆದರೂ ಆ ಪುಟಕ್ಕೆ ನಾನು 6 ಕೊಟ್ಟೆ.

ಉಳಿದ ಚಿಲ್ಲರೆ ವಿಷಯ

ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಆಷಾಢದ ಗಾಳಿಯಲ್ಲಿ, ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವ ದಿನಗಳಲ್ಲಿ, ಕುದುರೆಯ ಕಿವಿ ನಿಮ್ಮ ಕಡೆ ಇರುವುದಿಲ್ಲ. ಹಾರುವ ಪ್ಲಾಸ್ಟಿಕ್, ಟಾರ್ಪಾಲು ಮೊದಲೇ ಕಟ್ಟಿಡಿ, ಅವತ್ತು ನಡಿಗೆ ಮತ್ತು ನಿಲ್ಲಿಸುವುದು ಅಷ್ಟೇ ಮಾಡಿ. ಹೆಲ್ಮೆಟ್ ಇಲ್ಲದೆ ಹತ್ತಬೇಡಿ, ಒಬ್ಬರೇ ಇದ್ದಾಗ ಕ್ಯಾಂಟರ್ ಬೇಡ.

ಕೆಲಸ ಕಮ್ಮಿ ಇದ್ದ ದಿನ ಹುರುಳಿ ಕಮ್ಮಿ. ಮನೆಯಲ್ಲಿ ಮೂಟೆಗಟ್ಟಲೆ ಮೆಕ್ಕೆಜೋಳ ಇದೆ ಅಂತ ಸುರಿಯಬೇಡಿ, ಹೊಟ್ಟೆನೋವು ಬಂದರೆ ಕುದುರೆ ಉಳಿಯುವುದೇ ಕಷ್ಟ. ಒಣ ಹುಲ್ಲು ಜಾಸ್ತಿ ಇರಲಿ, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಸ್ವಲ್ಪ. ಲಾಳಕ್ಕೆ ಎತ್ತಿನ ಲಾಳ ಹೊಡೆಯುವವರನ್ನು ಕರೆಯಬೇಡಿ. ಅವರ ಕೈ ಚೆನ್ನಾಗಿಯೇ ಇರುತ್ತದೆ, ಆದರೆ ಎತ್ತಿನದು ಸೀಳು ಗೊರಸು, ಲೆಕ್ಕವೇ ಬೇರೆ. ಆರು ವಾರಕ್ಕೊಮ್ಮೆ ಕುದುರೆ ಬಲ್ಲವರೇ ಬರಬೇಕು.

ಶಿಬಿರದಲ್ಲಿ ಕಲಿತ ಪಕ್ಕ ಸರಿಯುವ ಚಲನೆಗಳನ್ನು, ಲೆಗ್ ಯೀಲ್ಡ್, ಶೋಲ್ಡರ್ ಇನ್ ಎಲ್ಲವನ್ನೂ, ನಾನು ಎರಡು ತಿಂಗಳು ಮುಟ್ಟಲಿಲ್ಲ. ಕೈ ತುರಿಸುತ್ತಿತ್ತು, ಸುಳ್ಳೇಕೆ. ನಡುಗೆರೆಯಲ್ಲಿ ಹಿಂಗಾಲು ಮುಂಗಾಲಿನ ಹಾದಿಯಲ್ಲೇ ಬೀಳುವವರೆಗೆ ಸೊಟ್ಟ ಹೋಗುವುದನ್ನು ಕಲಿಸಿದರೆ, ಯಾವುದು ಕಲಿಸಿದ ಸೊಟ್ಟ, ಯಾವುದು ಹುಟ್ಟು ಸೊಟ್ಟ ಗೊತ್ತಾಗುವುದಿಲ್ಲ. ಈಗ ವಾರಕ್ಕೊಂದು ದಿನ ನಡಿಗೆಯಲ್ಲಿ ನಾಲ್ಕು ಹೆಜ್ಜೆ ಪಕ್ಕಕ್ಕೆ, ಮತ್ತೆ ನೇರ.

ಡಿಸೆಂಬರ್‌ನಲ್ಲಿ ಒಂದು ವಾರ ಮತ್ತೆ ಸಾಹೇಬ್ರ ಹತ್ತಿರ ಹೋಗುವವಳಿದ್ದೇನೆ. ಈ ಸಲ ಚುಕ್ಕಿಯನ್ನೂ ಕರೆದುಕೊಂಡು. ಅದಕ್ಕೆ ಅವಳು ಗಾಡಿ ಹತ್ತಬೇಕು. ಕಣದ ಪಕ್ಕ ಟೆಂಪೊ ನಿಲ್ಲಿಸಿ, ಹಲಗೆ ಇಳಿಸಿ, ಅದರ ಮೇಲೆ ದಿನಾ ಸಂಜೆ ಎರಡು ಹಿಡಿ ನೆನೆಸಿದ ಹುರುಳಿ ಇಡುತ್ತಿದ್ದೇವೆ. ನಿನ್ನೆಗೆ ಮುಂಗಾಲು ಎರಡೂ ಹಲಗೆ ಹತ್ತಿವೆ.